ಅರ್ಧ ಬೆಲೆಯ ವಿಮಾನ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟು ನಿಂತ ತಾಯಂದಿರು ಈಗ ನಮ್ಮಂಥ ಸಣ್ಣ ಊರುಗಳಲ್ಲೂ ಬೀದಿಗೊಬ್ಬರಂತೆ ಸಿಗುತ್ತಾರೆ. ಚಟ್ನಿಪುಡಿ ಹೇಗೆ ಕಟ್ಟಬೇಕು, ಒಣಶುಂಠಿ ಎಷ್ಟು ಒಯ್ಯಬೇಕು, ಚಳಿಗೆ ಯಾವ ಸ್ವೆಟರು ಎಂದೆಲ್ಲ ಹೇಳಿಕೊಡಲು ಬೇಕಾದಷ್ಟು ಜನ ಇದ್ದಾರೆ. ಆದರೆ ಅಲ್ಲಿಗೆ ಹೋದ ಮೇಲೆ, ಮನೆಗೆ ಹೊಸ ಕೂಸು ಬಂತೆಂದು ಮುಖ ಊದಿಸಿಕೊಂಡು ಮೂಲೆ ಹಿಡಿದ ಹಿರಿಯ ಮೊಮ್ಮಗನನ್ನು ಏನು ಮಾಡಬೇಕೆಂದು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಅದನ್ನು ನಾನು ಹೇಳುತ್ತೇನೆ, ಕೇಳಿ.

2023ರ ಅಕ್ಟೋಬರಿನಲ್ಲಿ ತಿಪಟೂರಿನಿಂದ ಓಹಾಯೋ ರಾಜ್ಯದ ಡೇಟನ್ ನಗರಕ್ಕೆ ಹೋದೆ. ರೈಟ್ ಸಹೋದರರ ಊರು ಅದು. ಅಲ್ಲಿ ವಾಯುಪಡೆಯ ದೊಡ್ಡ ವಸ್ತುಸಂಗ್ರಹಾಲಯವಿದೆ, ಒಳಗೆ ಹೋಗಲು ಬಿಡಿಗಾಸೂ ಕೊಡಬೇಕಿಲ್ಲ. ನಮ್ಮ ಹತ್ತು ವರ್ಷದ ಮೊಮ್ಮಗ ಅಲ್ಲಿ ಸ್ಪಿಟ್‌ಫೈರ್ ಎಂಬ ಹಳೆಯ ಯುದ್ಧವಿಮಾನವನ್ನು ನೋಡಿ ಬಂದವನು, "ಅಜ್ಜಿ, ಅದನ್ನ ನಾನು ಮನೇಲೇ ಮಾಡ್ತೀನಿ" ಎಂದು ಹಟ ಹಿಡಿದ. ಹುಡುಗು ಮಾತು ಎಂದುಕೊಂಡೆ. ಅವನು ಹೇಳಿದ್ದು ನಿಜವೇ ಆಗಿತ್ತು. ಪ್ಲಾಸ್ಟಿಕ್ಕಿನ ಬಿಡಿ ಭಾಗಗಳನ್ನು ಡಬ್ಬಿಯಲ್ಲಿ ತುಂಬಿ ಮಾರುತ್ತಾರೆ. ಕತ್ತರಿಸಿ, ಅಂಟಿಸಿ, ಬಣ್ಣ ಬಳಿದರೆ ವಿಮಾನವೋ ಹಡಗೋ ಕಾರೋ ಸಿದ್ಧ. ಮಾಡೆಲ್ ಕಿಟ್ ಎನ್ನುತ್ತಾರೆ.

ಆ ಡಬ್ಬಿಯ ಬೆಲೆ ಕೇಳಿ ನನ್ನ ಎದೆ ಧಸಕ್ಕೆಂದಿತು. ಮೂವತ್ತೆರಡು ಡಾಲರ್! ಹುಡುಗನ ಹುಂಡಿಯಲ್ಲಿದ್ದದ್ದು ಹದಿನಾಲ್ಕು. ಬಾಣಂತನದ ಖರ್ಚಿನಲ್ಲಿದ್ದ ಅಪ್ಪನನ್ನು ಕೇಳುವುದಕ್ಕೆ ಅವನಿಗೂ ಮನಸ್ಸಿಲ್ಲ.

<b>ಕರಕುಶಲದ ಅಂಗಡಿಗಳು</b>

ಅಲ್ಲಿ ಕರಕುಶಲ ಸಾಮಾನಿಗೇ ಮೀಸಲಾದ ಅಂಗಡಿಗಳಿವೆ. ನಮ್ಮ ಊರಿನ ಕಲ್ಯಾಣಮಂಟಪದಂಥವು ನಾಲ್ಕನ್ನು ಒಟ್ಟಿಗೆ ಸೇರಿಸಿದರೆ ಎಷ್ಟೋ ಅಷ್ಟು ದೊಡ್ಡವು. ಉಲ್ಲನ್, ಕಸೂತಿ ದಾರ, ಮಣಿ, ಚಿತ್ರದ ಚೌಕಟ್ಟು, ಕಾಗದದ ಹೂವು, ಒಂದು ಮೂಲೆಯಲ್ಲಿ ಈ ಮಾಡೆಲ್ ಡಬ್ಬಿಗಳು. ಹಾಬಿ ಲಾಬಿ, ಮೈಕಲ್ಸ್ ಇವು ದೊಡ್ಡ ಹೆಸರುಗಳು. ಹಾಬಿ ಲಾಬಿಯ ಮೂಲ ಕೇಳಿದರೆ ನಿಮಗೆ ಸಂತೋಷವಾಗುತ್ತದೆ. 1970ರಲ್ಲಿ ಡೇವಿಡ್ ಗ್ರೀನ್ ಮತ್ತು ಬಾರ್ಬರಾ ಗ್ರೀನ್ ದಂಪತಿ 600 ಡಾಲರ್ ಸಾಲ ಮಾಡಿ ಮನೆಯಲ್ಲೇ ಪುಟ್ಟ ಪುಟ್ಟ ಚಿತ್ರದ ಚೌಕಟ್ಟುಗಳನ್ನು ಮಾಡಲು ತೊಡಗಿದರು. 1972ರಲ್ಲಿ ಒಕ್ಲಹೋಮ ನಗರದಲ್ಲಿ ಸಣ್ಣದೊಂದು ಅಂಗಡಿ ತೆರೆದರು. ಅದೇ ಇಂದು ದೇಶದ ಉದ್ದಗಲಕ್ಕೂ ಹರಡಿದೆ. ಭಾನುವಾರ ಮಾತ್ರ ಆ ಅಂಗಡಿಗೆ ಬೀಗ, ಹೋಗಿ ನಿರಾಶರಾಗಬೇಡಿ.

ಇನ್ನೊಂದು ಮಾತು. ನಿಮ್ಮ ನೆಂಟರು ಯಾರಾದರೂ "ಅಲ್ಲಿ ನೂರಕ್ಕೆ ನಲವತ್ತು ಬಿಡುವ ಕೂಪನ್ ಕೊಡ್ತಾರೆ" ಎಂದು ಹೇಳಿದ್ದರೆ ಅದು ಹಳೆಯ ಕಥೆ. ಆ ಕೂಪನ್ನನ್ನು ಹಾಬಿ ಲಾಬಿ 2021ರಲ್ಲಿ ನಿಲ್ಲಿಸಿತು. ಹಾಗೆಂದು ಅಗ್ಗದ ದಾರಿ ಮುಚ್ಚಿಲ್ಲ. ಇಂಥ ಅಂಗಡಿಗಳಲ್ಲಿ ಬೆಲೆ ಇಳಿಸಿ ಬೇರೆ ಬಣ್ಣದ ಚೀಟಿ ಅಂಟಿಸಿದ ಸಾಮಾನಿನ ಸಾಲೊಂದು ಸಾಮಾನ್ಯವಾಗಿ ಇರುತ್ತದೆ, ಹೆಚ್ಚಾಗಿ ಹಿಂದುಗಡೆ ಮೂಲೆಯಲ್ಲಿ. ಅಲ್ಲಿಗೆ ಮೂರು ಬಗೆಯ ಡಬ್ಬಿಗಳು ಬರುತ್ತವೆ.

ಒಂದು, ಖರ್ಚಾಗದೆ ಉಳಿದದ್ದು. ಹೊಸ ಸರಕಿಗೆ ಜಾಗ ಬೇಕಲ್ಲ, ಅದಕ್ಕೇ ಬೆಲೆ ಇಳಿಸುತ್ತಾರೆ. ಎರಡು, ಡಬ್ಬಿ ಜಜ್ಜಿಹೋದದ್ದು. ಒಳಗಿನ ಮಾಲು ಚೆನ್ನಾಗಿಯೇ ಇರಬಹುದು. ಮೂರು, ಯಾರೋ ಕೊಂಡು ತಿರುಗಿ ಕೊಟ್ಟದ್ದು. ಮೊದಲ ಎರಡನ್ನು ನೀವು ಧೈರ್ಯವಾಗಿ ಕೊಳ್ಳಬಹುದು. ಮೂರನೆಯದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿ ಕೊಳ್ಳಬೇಕು.

ನಾವು ಕೊಂಡದ್ದು ಮೂರನೆಯದು. ನೋಡದೆ ಕೊಂಡೆವು.

<b>ಒಂದು ಚಕ್ರ ಕಡಿಮೆ</b>

ಮೂವತ್ತೆರಡು ಡಾಲರಿನ ಸ್ಪಿಟ್‌ಫೈರ್ ಹನ್ನೆರಡಕ್ಕೆ! ಹುಡುಗ ಡಬ್ಬಿಯನ್ನು ಎದೆಗವಚಿಕೊಂಡು ಹಣ ಕೊಡುವ ಕಟ್ಟೆಗೆ ಓಡಿಯೇ ಹೋದ. ಮುಚ್ಚಳದ ಅಂಚಿಗೆ ಅಂಟುಪಟ್ಟಿ ಸುತ್ತಿತ್ತು. ಅದು ಕಂಪನಿಯವರು ಸುತ್ತಿದ್ದಲ್ಲವೆಂದು ನನಗೆ ಆಗ ಹೊಳೆಯಲಿಲ್ಲ.

ಮನೆಗೆ ಬಂದು ಊಟದ ಮೇಜಿನ ಮೇಲೆ ಹರಡಿದ. ಬೂದು ಬಣ್ಣದ ಚೌಕಟ್ಟುಗಳು, ಅವುಗಳಿಗೆ ಎಲೆಯ ತೊಟ್ಟಿನಂತೆ ಅಂಟಿಕೊಂಡ ನೂರಾರು ತುಣುಕುಗಳು. ರೆಕ್ಕೆ, ಬಾಲ, ಕೂರುವ ಪೀಠ, ಪೈಲಟ್. ಹಾಳೆಯಲ್ಲಿ ಬರೆದ ಅಂಕಿ ನೋಡಿ ಒಂದೊಂದನ್ನೇ ಹುಡುಕುತ್ತಾ ಬಂದವನು ಸುಮ್ಮನಾಗಿಬಿಟ್ಟ. ಬಲಗಡೆಯ ಚಕ್ರ ಇತ್ತು. ಎಡಗಡೆಯದರ ಜಾಗದಲ್ಲಿ ಬರೀ ತೊಟ್ಟು. ಯಾರೋ ಕತ್ತರಿಸಿ ತೆಗೆದುಕೊಂಡು ಉಳಿದದ್ದನ್ನು ಅಂಗಡಿಗೆ ಹಿಂತಿರುಗಿಸಿದ್ದರು. ಅಂಗಡಿಯವರಾದರೂ ಪ್ರತಿ ಡಬ್ಬಿಯಲ್ಲೂ ನೂರು ತುಣುಕು ಎಣಿಸುತ್ತಾ ಕೂತಾರೆಯೇ?

"ನಾಳೆ ವಾಪಸ್ಸು ಕೊಟ್ಟರಾಯಿತು ಬಿಡಿ ಅತ್ತೆ, ರಸೀದಿ ಇದೆಯಲ್ಲ" ಎಂದರು ಅಳಿಯಂದಿರು. ಅದೂ ಸರಿಯೇ. ಆದರೆ ರಾತ್ರಿ ಕೂಸಿಗೆ ಹಾಲು ಬಿಸಿ ಮಾಡಲೆಂದು ಎದ್ದು ಬಂದಾಗ ನೋಡುತ್ತೇನೆ, ಹುಡುಗ ಒಬ್ಬನೇ ಕೂತು ಎಲ್ಲವನ್ನೂ ಡಬ್ಬಿಗೆ ತುಂಬಿ, ಮೊದಲಿದ್ದಂತೆಯೇ ನಾಜೂಕಾಗಿ ಅಂಟುಪಟ್ಟಿ ಸುತ್ತುತ್ತಿದ್ದಾನೆ.

"ಚಕ್ರ ಇಲ್ಲ ಅಂತ ಅಂಗಡಿಯೋರಿಗೆ ಹೇಳ್ತೀಯೇನೋ ಪುಟ್ಟಾ?"

"ಯಾಕೆ ಹೇಳ್ಬೇಕು? ಹೇಳಿದ್ರೆ ನಾನೇ ತೆಗೆದಿದೀನಿ ಅಂತಾರೆ. ನಂಗೂ ಯಾರೂ ಹೇಳ್ಲಿಲ್ವಲ್ಲ ಅಜ್ಜಿ."

ಏನು ಹೇಳಲಿ ನೀವೇ ಹೇಳಿ? ಹುಡುಗ ಸುಳ್ಳಾಡುತ್ತಿರಲಿಲ್ಲ, ಲೆಕ್ಕ ಹೇಳುತ್ತಿದ್ದ. ನನಗೆ ಮೋಸವಾಯಿತು, ನಾನು ದಾಟಿಸುತ್ತೇನೆ. ನಾವು ದೊಡ್ಡವರು ಹರಿದ ನೋಟನ್ನು ಮಡಿಸಿ ಬಸ್ಸಿನ ಕಂಡಕ್ಟರ್ ಕೈಗೆ ತುರುಕುವಾಗ ಹೇಳಿಕೊಳ್ಳುವ ಲೆಕ್ಕವೂ ಇದೇ ಅಲ್ಲವೇ? ಉಪದೇಶ ಮಾಡಲು ನನಗೆ ಬಾಯಿ ಬರಲಿಲ್ಲ. "ಮುಂದಿನ ವಾರ ಇದೇ ಡಬ್ಬೀನ ಇನ್ನೊಬ್ಬ ಹುಡುಗ ಹುಂಡಿ ಒಡೆದು ಕೊಂಡ್ಕೋತಾನಲ್ಲೋ" ಎಂದಷ್ಟೇ ಅಂದೆ. ಅವನು ಉತ್ತರ ಕೊಡಲಿಲ್ಲ. ಬೆಳಗ್ಗೆ ನೋಡಿದರೆ ಡಬ್ಬಿಯ ಅಂಟುಪಟ್ಟಿ ಬಿಚ್ಚಿತ್ತು. "ಅಜ್ಜಿ, ಒಂದು ಚಕ್ರ ನಾವೇ ಮಾಡಕ್ಕಾಗಲ್ವಾ?" ಎಂದ.

<b>ಸಕ್ಕರೆ ಅಚ್ಚಿನ ಪಾಠ</b>

ಸಂಕ್ರಾಂತಿಗೆ ಬೇಕಾಗುತ್ತದೆಂದು ನನ್ನ ಪೆಟ್ಟಿಗೆಯಲ್ಲಿ ಸಕ್ಕರೆ ಅಚ್ಚಿನ ಮರದ ಮಣೆಗಳನ್ನು ಒಯ್ದಿದ್ದೆ. ಅದರಲ್ಲೊಂದನ್ನು ತೆಗೆದು ಅವನ ಮುಂದಿಟ್ಟೆ. ಎರಡು ಹೋಳು, ನಡುವೆ ಕೊರೆದ ನವಿಲು, ಪಾಕ ಹೊಯ್ಯಲು ಒಂದು ಕಂಡಿ. ಹುಡುಗ ಒಮ್ಮೆ ಅದನ್ನೂ ಒಮ್ಮೆ ತನ್ನ ಚೌಕಟ್ಟನ್ನೂ ನೋಡಿ, "ಅಜ್ಜಿ, ಇದು ಸೇಮ್!" ಎಂದು ಕೂಗಿದ.

ನಿಜಕ್ಕೂ ಒಂದೇ ವಿದ್ಯೆ ನೋಡಿ. ಕಾರ್ಖಾನೆಯಲ್ಲಿ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕನ್ನು ಕಾಯಿಸಿ, ಉಕ್ಕಿನ ಎರಡು ಹೋಳಿನ ಅಚ್ಚಿನೊಳಕ್ಕೆ ಬಲವಾಗಿ ಒತ್ತುತ್ತಾರೆ. ಪ್ಲಾಸ್ಟಿಕ್ ಹರಿದ ಕಾಲುವೆಗಳೇ ಆ ಚೌಕಟ್ಟು, ಕಂಡಿಯಲ್ಲಿ ಉಳಿದ ನಮ್ಮ ಪಾಕದ ಕಡ್ಡಿಯಂತೆ. ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿ ವಿಮಾನ ಮಾಡುವ ಮುಂಚೆ ಇದೇ ವಿದ್ಯೆಯಿಂದ ಮಾಡಿ ಮಾರುತ್ತಿದ್ದುದು ತಲೆ ಬಾಚುವ ಹಣಿಗೆಗಳನ್ನು! 1952ರಲ್ಲಿ ಅದು ಗೋಲ್ಡನ್ ಹೈಂಡ್ ಎಂಬ ಪುಟ್ಟ ಹಡಗಿನ ಭಾಗಗಳನ್ನು ಚೀಲದಲ್ಲಿ ಹಾಕಿ ಎರಡು ಶಿಲ್ಲಿಂಗಿಗೆ ಮಾರಿತು. ಮಕ್ಕಳ ಕೈಗೆಟುಕುವ ಬೆಲೆ. ಈಚಿನ ವರ್ಷಗಳಲ್ಲಿ ಅದೇ ಕಂಪನಿಯ ಎಷ್ಟೋ ಡಬ್ಬಿಗಳ ಬದಿಯಲ್ಲಿ 'ಮೇಡ್ ಇನ್ ಇಂಡಿಯಾ' ಎಂದು ಅಚ್ಚಾಗಿದೆ. ಸಾವಿರಾರು ಮೈಲಿ ದೂರದಲ್ಲಿ ಆ ಅಕ್ಷರ ಕಂಡಾಗ ನಮ್ಮೂರಿನವರು ಯಾರೋ ಎದುರಿಗೆ ಬಂದಂತಾಯಿತು.

ಇನ್ನು ಚಕ್ರ. ಇದ್ದದ್ದು ಅಂಗಿಯ ಗುಂಡಿಯಷ್ಟು ಅಗಲ. ಮಕ್ಕಳಾಡುವ ಬಣ್ಣದ ಜೇಡಿಯನ್ನು ಒತ್ತಿ ಸಮ ಮಾಡಿ, ಬೆರಳಿನಲ್ಲಿ ಒಂದಿಷ್ಟು ಎಣ್ಣೆ ಸವರಿ, ಇದ್ದ ಚಕ್ರವನ್ನು ಅರ್ಧ ಆಳಕ್ಕೆ ಒತ್ತಿ ಮೆಲ್ಲನೆ ಎತ್ತಿದೆವು. ಅಚ್ಚು ಮೂಡಿತು. ಮಗ್ಗುಲು ತಿರುಗಿಸಿ ಇನ್ನೊಂದು. ಅಳಿಯಂದಿರು ಕೊಳಾಯಿ ಸೋರುವುದಕ್ಕೆಂದು ತಂದಿಟ್ಟಿದ್ದ ಮೇಣವಿತ್ತು, ಎರಡು ಉಂಡೆ ಸೇರಿಸಿ ನಾದುವಂಥದ್ದು. ನಮ್ಮಲ್ಲಿ ಎಂ-ಸೀಲ್ ಎಂದು ಸಿಗುತ್ತದಲ್ಲ, ಆ ಜಾತಿಯದು. ಅದನ್ನು ಎರಡೂ ಅಚ್ಚಿಗೆ ತುಂಬಿ, ಒದ್ದೆ ಚಾಕುವಿನಿಂದ ಮೇಲ್ಭಾಗ ಸಮ ಮಾಡಿ ರಾತ್ರಿ ಹಾಗೇ ಬಿಟ್ಟೆವು. ಬೆಳಗ್ಗೆಗೆ ಕಲ್ಲಾಗಿತ್ತು. ಎರಡು ಹೋಳುಗಳನ್ನೂ ಉಗುರು ಉಜ್ಜುವ ಅರದಿಂದ ತಿಕ್ಕಿ ಕೂಡಿಸಿದರೆ ಚಕ್ರ!

ನೀವೂ ಮಾಡುವುದಾದರೆ ಎರಡು ಎಚ್ಚರಿಕೆ. ಆ ಮೇಣವನ್ನು ಬರಿಗೈಯಲ್ಲಿ ನಾದಬೇಡಿ, ಕೈಚೀಲ ಹಾಕಿಕೊಳ್ಳಿ. ಅಡಿಗೆಯ ಪಾತ್ರೆ, ಚಾಕು ಬಳಸಬೇಡಿ, ಅದಕ್ಕೆಂದೇ ಹಳೆಯದೊಂದನ್ನು ಇಟ್ಟುಕೊಳ್ಳಿ. ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ಕನ್ನು ಕರಗಿಸಿ ಹಿಡಿಸುವ ಮಾಡೆಲ್ ಅಂಟು ಈ ಮೇಣಕ್ಕೆ ಹಿಡಿಯುವುದಿಲ್ಲ. ಫೆವಿಕ್ವಿಕ್ ಜಾತಿಯ ಅಂಟೇ ಬೇಕು. ಅದನ್ನು ದೊಡ್ಡವರೇ ಹಚ್ಚಬೇಕು.

ಚಕ್ರ ಒಣಗುವುದನ್ನು ಕಾಯುತ್ತಾ ಕೂತಾಗ ಅಳಿಯಂದಿರು ಹೇಳಿದ ಸಂಗತಿ ನಿಮಗೂ ಹೇಳಬೇಕು. ಎರಡನೇ ಮಹಾಯುದ್ಧದಲ್ಲಿ ಸ್ಪಿಟ್‌ಫೈರ್ ವಿಮಾನಕ್ಕೊಂದು ಕೆಟ್ಟ ದೋಷವಿತ್ತಂತೆ. ಶತ್ರುವಿನ ಹಿಂದೆ ಥಟ್ಟನೆ ಮೂತಿ ಬಗ್ಗಿಸಿ ಕೆಳಗೆ ನುಗ್ಗಿದರೆ ಪೆಟ್ರೋಲ್ ಸರಿಯಾಗಿ ಹರಿಯದೆ ಎಂಜಿನ್ ಕಟ್ಟಿಕೊಳ್ಳುತ್ತಿತ್ತು. ಇದಕ್ಕೆ 1941ರಲ್ಲಿ ಪರಿಹಾರ ಕಂಡುಹಿಡಿದವರು ಒಬ್ಬ ಹೆಂಗಸು, ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಎಂಜಿನಿಯರ್. ಮೋಟಾರ್ ಸೈಕಲ್ ಪಂದ್ಯಗಳಲ್ಲೂ ಹೆಸರು ಮಾಡಿದ್ದ ಗಟ್ಟಿಗಿತ್ತಿ. ಆಕೆ ಎಂಜಿನ್ನನ್ನೇನೂ ಬದಲಾಯಿಸಲಿಲ್ಲ. ನಡುವೆ ತೂತಿರುವ ಲೋಹದ ಪುಟ್ಟ ಬಿಲ್ಲೆಯೊಂದನ್ನು ಪೆಟ್ರೋಲಿನ ದಾರಿಗೆ ಹಾಕಿಸಿದರು, ನಮ್ಮ ನಲ್ಲಿಯ ವಾಷರಿನಂಥದ್ದು. ಅಷ್ಟರಿಂದಲೇ ತೊಂದರೆ ಬಹುಮಟ್ಟಿಗೆ ತಗ್ಗಿತು. ಹುಡುಗ ಈ ಕಥೆಯನ್ನು ಬಾಯಿ ಬಿಟ್ಟುಕೊಂಡು ಕೇಳಿದ.

<b>ನೀವು ಕೊಳ್ಳುವಾಗ</b>

ನಾನು ಕಲಿತದ್ದನ್ನು ಒಂದೊಂದಾಗಿ ಬರೆಯುತ್ತೇನೆ. ಮಗಳಿಗೋ ಸೊಸೆಗೋ ಓದಿ ಹೇಳಿ.

1. ಡಬ್ಬಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆ ಕಂಪನಿಯದೋ, ಆಮೇಲೆ ಯಾರಾದರೂ ಅಂಟಿಸಿದ ಪಟ್ಟಿಯೋ ನೋಡಿ. ಬಿಚ್ಚಿದ ಡಬ್ಬಿಯಾದರೆ, "ಒಳಗೆ ನೋಡಬಹುದೇ?" ಎಂದು ಕೆಲಸದವರನ್ನು ಕೇಳಿ ಅವರೆದುರೇ ತೆರೆಯಿರಿ. ನೋಡಗೊಡದಿದ್ದರೆ ಬಿಟ್ಟುಬಿಡಿ.

2. ಒಳಗಿನ ಚೀಲಗಳು ಬಾಯಿ ಮುಚ್ಚಿಯೇ ಇದ್ದರೆ ಹೆಚ್ಚಿನ ಭಯವಿಲ್ಲ. ಒಡೆದಿದ್ದರೆ ವಿವರದ ಹಾಳೆಯಲ್ಲಿ ಚೌಕಟ್ಟುಗಳ ಚಿತ್ರವಿರುವುದುಂಟು, ಅದರೊಂದಿಗೆ ತಾಳೆ ನೋಡಿ. ಬರಿಯ ತೊಟ್ಟು ಕಂಡರೆ, ಬಿದ್ದ ತುಣುಕು ಡಬ್ಬಿಯ ತಳದಲ್ಲಿದೆಯೇ ಹುಡುಕಿ.

3. ಗಾಜಿನಂತೆ ಪಾರದರ್ಶಕವಾದ ತುಣುಕುಗಳನ್ನು ಮೊದಲು ನೋಡಿ. ಚಕ್ರವನ್ನು ಮನೆಯಲ್ಲಿ ಮಾಡಬಹುದು, ಪೈಲಟ್ಟಿನ ತಲೆಯ ಮೇಲಿನ ಗಾಜಿನ ಗೂಡು ಮಾಡುವುದು ಕಷ್ಟ. ಅದರ ಮೇಲೆ ಸಣ್ಣ ಗೀರಿದ್ದರೆ ಚಿಂತೆಯಿಲ್ಲ, ಹಲ್ಲುಜ್ಜುವ ಪೇಸ್ಟನ್ನು ಮೆತ್ತನೆ ಬಟ್ಟೆಯಲ್ಲಿ ಹಚ್ಚಿ ಉಜ್ಜಿದರೆ ಹೊಳಪು ಬರುತ್ತದೆ.

4. ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರಗಳ ಹಾಳೆ ಇದೆಯೇ? ಹಳದಿಗಟ್ಟಿದ್ದರೆ ಕೆಲವು ದಿನ ಬಿಸಿಲು ಬೀಳುವ ಕಿಟಕಿಗೆ ಅಂಟಿಸಿಡಿ, ಬಿಳುಪಾಗುತ್ತದೆ. ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡಿದ್ದರೆ ಕೆಲಸಕ್ಕೆ ಬಾರದು.

5. ರೆಕ್ಕೆ ಸೊಟ್ಟಗಾಗಿದ್ದರೆ ಬೇಡವೆನ್ನಬೇಡಿ. ಬಿಸಿನೀರಿನಲ್ಲಿ ಅದ್ದಿ ಮೆಲ್ಲನೆ ನೇರ ಮಾಡಬಹುದು. ಕುದಿಯುವ ನೀರು ಬೇಡ.

6. ಮನೆಗೆ ತಂದ ಮೇಲೆ ಪಾತ್ರೆ ತೊಳೆಯುವ ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಅಚ್ಚಿನ ಜಿಡ್ಡು ಹೋದರೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಜರಡಿಯಲ್ಲಿಟ್ಟು ತೊಳೆಯಿರಿ, ಇಲ್ಲದಿದ್ದರೆ ಇದ್ದೊಂದು ಚಕ್ರವೂ ಬಚ್ಚಲ ಪಾಲು!

7. ಮೊದಲ ಸಲ ಮಾಡುವ ಮಕ್ಕಳಿಗೆ ಅಂಟಿಲ್ಲದೆ ಒತ್ತಿದರೆ ಕೂರುವ ಬಗೆಯ ಡಬ್ಬಿ ಕೊಡಿಸಿ. ಡಬ್ಬಿಯ ಮೇಲೆ ಎಷ್ಟು ಕಷ್ಟದ್ದೆಂದು ಅಂಕಿಯಲ್ಲಿ ಹಾಕಿರುತ್ತಾರೆ. ಅಂಕಿ ಕಡಿಮೆಯಾದಷ್ಟೂ ಕೆಲಸ ಸುಲಭ. 1/72, 1/48 ಎಂದು ಬರೆದಿರುವುದು ಅಳತೆ. 48 ಎಂದರೆ ನಿಜವಾದ ವಿಮಾನದ ನಲವತ್ತೆಂಟನೆಯ ಒಂದು ಪಾಲು. ಸ್ಪಿಟ್‌ಫೈರ್ ಆ ಅಳತೆಯಲ್ಲಿ ರೆಕ್ಕೆಯಿಂದ ರೆಕ್ಕೆಗೆ ಸುಮಾರು 23 ಸೆಂಟಿಮೀಟರ್.

8. ಬಾಣಂತಿ, ಕೂಸು ಇರುವ ಕೋಣೆಯಲ್ಲಿ ಈ ಕೆಲಸ ಕೂಡದು. ಅಂಟು, ಬಣ್ಣಗಳ ಘಾಟು ಒಳ್ಳೆಯದಲ್ಲ. ಬೇರೆ ಕೋಣೆಯಲ್ಲಿ ಕಿಟಕಿ ತೆರೆದು ಕೂರಿ. ತುಣುಕುಗಳನ್ನು ಒಂದು ತಟ್ಟೆಯಲ್ಲೇ ಇಟ್ಟುಕೊಳ್ಳಿ, ಅಂಬೆಗಾಲಿಡುವ ಮಗುವಿಗೆ ನೆಲದ ಮೇಲೆ ಬಿದ್ದದ್ದೆಲ್ಲ ತಿಂಡಿಯೇ.

9. ಊರಿಗೆ ತರುವುದಾದರೆ ಬರಿಯ ಡಬ್ಬಿ ತನ್ನಿ. ಬೆಂಕಿ ಹೊತ್ತಿಕೊಳ್ಳುವಂಥ ಅಂಟು, ಎನಾಮಲ್ ಬಣ್ಣಗಳನ್ನು ವಿಮಾನದಲ್ಲಿ ಒಯ್ಯುವಂತಿಲ್ಲ.

10. ಬೆಲೆ ಇಳಿಸಿದ ಸಾಮಾನನ್ನು ಕೆಲವೆಡೆ ವಾಪಸ್ಸು ತೆಗೆದುಕೊಳ್ಳುವುದಿಲ್ಲ. ಹಣ ಕೊಡುವ ಮುನ್ನ ಕೇಳಿ. ರಸೀದಿಯನ್ನು ಕೆಲಸ ಮುಗಿಯುವವರೆಗೆ ಡಬ್ಬಿಯಲ್ಲೇ ಇಡಿ.

ಹನ್ನೊಂದನೆಯದು ಅಂಗಡಿಗೆ ಸಂಬಂಧಿಸಿದ್ದಲ್ಲ, ನಮಗೆ ಸಂಬಂಧಿಸಿದ್ದು. ಏನನ್ನಾದರೂ ತಿರುಗಿ ಕೊಡುವಾಗ ಕೊರತೆ ಏನೆಂದು ಬಾಯಿ ಬಿಟ್ಟು ಹೇಳಿ, ಒಂದು ಚೀಟಿಯಲ್ಲಿ ಬರೆದೂ ಇಡಿ. ಮಾಡೆಲ್ ಡಬ್ಬಿಯೇ ಆಗಬೇಕೆಂದಿಲ್ಲ. ನಮ್ಮೂರ ಅಂಗಡಿಯ ಬಳೆ ಡಬ್ಬಿ, ಸ್ಟೀಲ್ ಡಬ್ಬ, ಸೀರೆ ಯಾವುದಾದರೂ ಸರಿ. ನಮಗೆ ಬಂದದ್ದನ್ನು ಸದ್ದಿಲ್ಲದೆ ದಾಟಿಸಿದರೆ ಅದು ಮುಂದೆ ಯಾರ ಕೈಗೆ ಹೋಗುತ್ತದೋ ಬಲ್ಲವರಾರು? ಹೇಳಿದರೆ ನಮ್ಮನ್ನೇ ಅನುಮಾನಿಸುತ್ತಾರೇನೋ ಎಂಬ ಅಳುಕು ಇದ್ದದ್ದೇ. ಆದರೂ ಹೇಳಿ. ಮಕ್ಕಳು ನಮ್ಮ ಪಕ್ಕದಲ್ಲೇ ನಿಂತಿರುತ್ತಾರೆ.

<b>ಆಮೇಲೆ</b>

ಆ ವಿಮಾನ ಮುಗಿಯುವಷ್ಟರಲ್ಲಿ ಮೂರು ವಾರ ಹಿಡಿಯಿತು. ಮೊದಮೊದಲು ತಂಗಿಯ ತೊಟ್ಟಿಲ ಕಡೆ ತಿರುಗಿಯೂ ನೋಡದಿದ್ದ ಹುಡುಗ, ಬಣ್ಣ ಒಣಗಿದ ದಿನ ವಿಮಾನವನ್ನು ಅಂಗೈ ಮೇಲಿಟ್ಟುಕೊಂಡು ಹೋಗಿ ದೂರದಿಂದಲೇ ಅವಳಿಗೆ ತೋರಿಸಿದ. "ಮುಟ್ಟಬಾರದು, ಆಯ್ತಾ? ಬಾಯಿಗೆ ಹಾಕ್ಕೋಬಾರದು" ಎಂದು ಇಪ್ಪತ್ತೈದು ದಿನದ ಕೂಸಿಗೆ ಬುದ್ಧಿ ಹೇಳಿದ. ಮಗಳು ಮಂಚದ ಮೇಲಿಂದ ನನ್ನ ಮುಖ ನೋಡಿ ನಕ್ಕಳು.

ಜನವರಿಯಲ್ಲಿ ಸಂಕ್ರಾಂತಿಗೆ ಸಕ್ಕರೆ ಅಚ್ಚು ಹೊಯ್ದೆವು. ಮಣೆ ನೆನೆಸಿ ದಾರ ಕಟ್ಟಿದವನು ಅವನೇ. ಮೂತಿ ಮುರಿದ ನವಿಲನ್ನು ತಟ್ಟೆಯ ತಳದಲ್ಲಿ ಬಚ್ಚಿಡಲು ನಾನು ಹೊರಟರೆ, "ಅಜ್ಜಿ, ಅದನ್ನ ಯಾರಿಗೂ ಕೊಡಬೇಡ, ನಾವೇ ತಿನ್ನೋಣ" ಎಂದ.

ಈಗ ಎಳ್ಳುಬೆಲ್ಲದ ದಿನಗಳು ಬಂದಾಗಲೆಲ್ಲ ಫೋನಿನಲ್ಲಿ ಆ ವಿಮಾನವನ್ನು ತೋರಿಸುತ್ತಾನೆ. ತಂಗಿ ನಡೆಯಲು ಕಲಿತ ಮೇಲೆ ಅದು ಎತ್ತರದ ಕಪಾಟಿಗೇರಿದೆ. ಎಡಗಡೆಯ ಚಕ್ರ ಕೊಂಚ ದಪ್ಪ. ಗೊತ್ತಿಲ್ಲದವರಿಗೆ ಕಾಣುವುದಿಲ್ಲ.

ಬಾಣಂತನಕ್ಕೆ ಹೊರಟಿದ್ದೀರಾ? ಒಣಶುಂಠಿಯ ಪಕ್ಕದಲ್ಲಿ ಒಂದು ಜೊತೆ ಸಕ್ಕರೆ ಅಚ್ಚಿನ ಮಣೆಯನ್ನೂ ಇಟ್ಟುಕೊಳ್ಳಿ. ಸಂಕ್ರಾಂತಿಗಲ್ಲದಿದ್ದರೂ ಯಾವುದಕ್ಕಾದರೂ ಬಂದೀತು.